ಕೂತು ಓಡಿಸುವ ನಡೆಯಂತ್ರಕ್ಕೆ ಯಾವ ಕಾಲು, ಎಷ್ಟು ಕಾಲು?

ಪ್ರಶ್ನೆ: ಟ್ರಾಲಿ ವರ್ಕ್‌ಶಾಪ್, ಗದಗ

ಎಲ್ಲರಿಗೂ ನಮಸ್ಕಾರ. ನಮ್ಮದು ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ ಮಾಡುವ ಚಿಕ್ಕ ವರ್ಕ್‌ಶಾಪು. ಡಿಪ್ಲೊಮಾ ಓದುತ್ತಿರುವ ಮಗನೂ ನಾನೂ ಸೇರಿ, ಚಕ್ರಗಳಿಲ್ಲದೆ ಕಾಲುಗಳ ಮೇಲೆ ನಡೆಯುವ, ಒಬ್ಬರು ಕೂತು ಓಡಿಸಬಹುದಾದ ಯಂತ್ರವೊಂದನ್ನು ಕಟ್ಟಬೇಕೆಂದಿದ್ದೇವೆ. ವೆಲ್ಡಿಂಗ್, ಡ್ರಿಲ್ಲಿಂಗ್, ಲೇತ್ ಕೆಲಸ ನಮ್ಮಲ್ಲೇ ಆಗುತ್ತದೆ. ಪ್ಲೇಟುಗಳನ್ನು ಹುಬ್ಬಳ್ಳಿಯಲ್ಲಿ ಲೇಸರ್ ಕಟಿಂಗ್ ಮಾಡಿಸಬಹುದು. ಇ-ರಿಕ್ಷಾದಿಂದ ತೆಗೆದ 48 ವೋಲ್ಟಿನ, 1000 ವ್ಯಾಟಿನ ಎರಡು ಮೋಟರುಗಳು ಕೈಯಲ್ಲಿವೆ. ಕೂರುವವರು, ಬ್ಯಾಟರಿ ಎಲ್ಲ ಸೇರಿ ಒಟ್ಟು ತೂಕ 300 ಕಿಲೋ ದಾಟಬಾರದೆಂಬುದು ನಮ್ಮ ಲೆಕ್ಕ.

ಆರು ಕಾಲು, ಪ್ರತಿ ಕಾಲಿಗೆ ಮೂರು ಕೀಲು, ಪ್ರತಿ ಕೀಲಿಗೊಂದು ಆಕ್ಚುಯೇಟರ್ (ಕೀಲನ್ನು ಆಡಿಸುವ ಸಾಧನ) ಇಟ್ಟು ಕಂಪ್ಯೂಟರಿನಿಂದ ನಡೆಸಬೇಕೆಂದು ಮಗ ಹೇಳುತ್ತಾನೆ. ಡಚ್ ಕಲಾವಿದ ಥಿಯೋ ಯಾನ್ಸನ್ ಅವರ ಕಡಲತೀರದ ಯಂತ್ರಗಳಂತೆ, ಕ್ರ್ಯಾಂಕ್ (ತಿರುಗುವ ಹಿಡಿಯಂಥ ತೋಳು) ತಿರುಗಿದರೆ ತಾನಾಗಿ ಹೆಜ್ಜೆ ಹಾಕುವ ಕಾಲೇ ನಮ್ಮ ಕೈಗೆ ಎಟಕುವಂಥದ್ದು ಎಂಬುದು ನನ್ನ ಎಣಿಕೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1: ಕೀಲುಕಾಲು

ನಿಮ್ಮ ಎಣಿಕೆಯೇ ಸರಿ ಸರ್, ಆದರೆ ಯಾನ್ಸನ್ ಕಾಲನ್ನು ಆರಿಸಬೇಡಿ. ಅವರು 1990ರಿಂದ ಕಟ್ಟುತ್ತ ಬಂದಿರುವುದು ಪ್ಲಾಸ್ಟಿಕ್ ಪೈಪಿನ, ಗಾಳಿಗೆ ನಡೆಯುವ ಹಗುರ ರಚನೆಗಳು. ಆ ಕಾಲಿನ ಹೆಜ್ಜೆ ನುಣುಪಾಗಿ ಸಾಗುತ್ತದೆ ನಿಜ, ಆದರೆ ಒಂದು ಕಾಲಿಗೆ ಹತ್ತು ಕೀಲುಗಳು ಬೇಕು, ಮತ್ತು ಪಾದವು ಕ್ರ್ಯಾಂಕಿನ ಸುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ನೆಲದಲ್ಲಿರುವುದರಿಂದ ಒಂದು ಚಕ್ರದ ಜಾಗಕ್ಕೆ ಮೂರು ಕಾಲುಗಳು ಬೇಕಾಗುತ್ತವೆ. ನಾಲ್ಕು ಮೂಲೆಗೆ ಹನ್ನೆರಡು ಕಾಲು, ನೂರಿಪ್ಪತ್ತು ಕೀಲು.

ಅಮೆರಿಕದ ಜೋ ಕ್ಲಾನ್ ಅವರು 1990ರ ದಶಕದಲ್ಲಿ ರೂಪಿಸಿದ ಕಾಲಿನಲ್ಲಿ ಏಳೇ ಕೀಲುಗಳಿವೆ. ಪಾದವು ಕ್ರ್ಯಾಂಕಿನ ಅರ್ಧ ಸುತ್ತು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ನೆಲದ ಮೇಲೆ ಸಾಗಿ, ಉಳಿದರ್ಧ ಸುತ್ತಿನಲ್ಲಿ ಎತ್ತರಕ್ಕೆ ಎದ್ದು ಮುಂದಕ್ಕೆ ಬರುತ್ತದೆ. ಹಾಗಾಗಿ ಅರ್ಧ ಸುತ್ತಿನ ಅಂತರದಲ್ಲಿ ಜೋಡಿಸಿದ ಎರಡು ಕಾಲುಗಳು ಒಂದು ಚಕ್ರದ ಕೆಲಸ ಮಾಡುತ್ತವೆ. ಒಟ್ಟು ಎಂಟು ಸಾಕು. ಕೆನಡಾದ ವ್ಯಾಂಕೂವರಿನ ಹವ್ಯಾಸಿಗಳು ಇದೇ ಕಾಲಿನಿಂದ ಕಟ್ಟಿದ ‘ಮೊಂಡೊ ಸ್ಪೈಡರ್’ 2006ರಲ್ಲಿ ನೆವಾಡಾದ ಬರ್ನಿಂಗ್ ಮ್ಯಾನ್ ಉತ್ಸವದಲ್ಲಿ ಸವಾರನನ್ನು ಹೊತ್ತು ನಡೆಯಿತು. 700 ಕಿಲೋಗೂ ಮೀರಿದ ಆ ಯಂತ್ರವನ್ನು ಈ ಕಾಲು ತಾಳಿಕೊಂಡಿದೆ ಎಂದಮೇಲೆ ನಿಮ್ಮ 300 ಕಿಲೋ ಹೆಚ್ಚಲ್ಲ.

ಎಂಟು ಕಾಲು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಎಡಕ್ಕೊಂದು, ಬಲಕ್ಕೊಂದು ಮೋಟರ್ ಇಟ್ಟರೆ ಎರಡೂ ಬದಿಗಳ ವೇಗ ಬೇರೆಬೇರೆ ಮಾಡಿ ತಿರುಗಿಸಬಹುದು. ಆದರೆ ಆಗ ಒಂದು ಬದಿಯ ಹೆಜ್ಜೆಗೂ ಇನ್ನೊಂದರ ಹೆಜ್ಜೆಗೂ ತಾಳಮೇಳ ಉಳಿಯುವುದಿಲ್ಲ. ಪ್ರತಿ ಬದಿಯಲ್ಲಿ ನಾಲ್ಕು ಕಾಲುಗಳಿದ್ದರೆ, ಮುಂದಿನ ಜೋಡಿಯದೊಂದು, ಹಿಂದಿನ ಜೋಡಿಯದೊಂದು ಪಾದ ಯಾವಾಗಲೂ ನೆಲದಲ್ಲಿರುತ್ತದೆ, ಆ ಬದಿಯು ಮತ್ತೊಂದನ್ನು ನೆಚ್ಚದೆ ತನ್ನಷ್ಟಕ್ಕೆ ನಿಲ್ಲುತ್ತದೆ. ಆರು ಕಾಲಿನ ಯಂತ್ರವಾದರೆ ಈ ಸೌಲಭ್ಯವಿಲ್ಲ: ಒಂದು ಬದಿಯ ಎರಡು ಕಾಲಿಗೆ ಇನ್ನೊಂದು ಬದಿಯ ಒಂದು ಕಾಲು ಸದಾ ಜೊತೆಯಾಗಬೇಕು, ಇಲ್ಲವಾದರೆ ಯಂತ್ರ ವಾಲುತ್ತದೆ.

ಉತ್ತರ 2: ಹೈಡ್ರಾಲಿಕ್ಸ್ ಪ್ರೇಮಿ

ಮಗನ ಪರವಾಗಿ ಎರಡು ಮಾತು. ಕ್ರ್ಯಾಂಕಿನ ಕಾಲಿಗೆ ಒಂದೇ ಹೆಜ್ಜೆ ಗೊತ್ತು. ನೆಲ ಏರುಪೇರಾದರೂ ಅದು ಅದೇ ಗೆರೆಯಲ್ಲೇ ಸಾಗುತ್ತದೆ. ಪಾದವನ್ನು ಬೇಕೆಂದಲ್ಲಿ ಇಡಬೇಕಾದರೆ ಪ್ರತಿ ಕೀಲನ್ನೂ ಬೇರೆಯಾಗಿಯೇ ನಡೆಸಬೇಕು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಲ್ಫ್ ಮೋಶರ್ ಅವರು 1960ರ ದಶಕದಲ್ಲಿ ಅಮೆರಿಕದ ಸೇನೆಗಾಗಿ ಕಟ್ಟಿದ ನಾಲ್ಕು ಕಾಲಿನ ಹೈಡ್ರಾಲಿಕ್ ಯಂತ್ರದಲ್ಲಿ, ಸವಾರನ ಕೈಗಳು ಮುಂಗಾಲುಗಳನ್ನೂ ಅವನ ಕಾಲುಗಳು ಹಿಂಗಾಲುಗಳನ್ನೂ ನಡೆಸುತ್ತಿದ್ದವು. ಸ್ವಲ್ಪ ಹೊತ್ತಿನಲ್ಲೇ ಆತ ದಣಿದುಬಿಡುತ್ತಿದ್ದ. 1983ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಐವನ್ ಸದರ್‌ಲ್ಯಾಂಡ್ ಅವರು ಮನುಷ್ಯನನ್ನು ಹೊರುವ ಆರು ಕಾಲಿನ ಯಂತ್ರದಲ್ಲಿ ಆ ಕೆಲಸದ ಒಂದು ಪಾಲನ್ನು ಕಂಪ್ಯೂಟರಿಗೆ ವಹಿಸಿದರು. ಇಂಗ್ಲೆಂಡಿನ ಮ್ಯಾಟ್ ಡೆಂಟನ್ ಅವರ ‘ಮ್ಯಾಂಟಿಸ್’ ಇದೇ ವಂಶದ್ದು: ಆರು ಕಾಲು, 2.2 ಲೀಟರಿನ ಡೀಸೆಲ್ ಎಂಜಿನ್, ಸುಮಾರು ಎರಡು ಟನ್ ತೂಕ. ನೋಡಲು ಅದ್ಭುತ. ಆದರೆ ಹದಿನೆಂಟು ಹೈಡ್ರಾಲಿಕ್ ಸಿಲಿಂಡರ್, ಅಷ್ಟೇ ವಾಲ್ವ್, ಪಂಪು, ಸೆನ್ಸರುಗಳ ಬೆಲೆ ಕೂಡಿಸಿ ನೋಡಿದ ಮೇಲೆ ನೀವು ನಿರ್ಧರಿಸುವುದು ಒಳ್ಳೆಯದು. ಮಗನಿಗೆ ಈ ದಾರಿಯೇ ಬೇಕಿದ್ದರೆ, ಕೂರಲಾಗದ ಚಿಕ್ಕದೊಂದನ್ನು ಸರ್ವೋ ಮೋಟರುಗಳಿಂದ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವಂಥವು) ಮೊದಲು ಮಾಡಲಿ.

ಮತ್ತೆ ಟ್ರಾಲಿ ವರ್ಕ್‌ಶಾಪ್

ಇಬ್ಬರಿಗೂ ಧನ್ಯವಾದಗಳು. ಮಗ ಸರ್ವೋ ಮಾದರಿಗೆ ಒಪ್ಪಿದ್ದಾನೆ, ದೊಡ್ಡ ಯಂತ್ರಕ್ಕೆ ಕ್ಲಾನ್ ಕಾಲು ಎಂದಾಯಿತು. ಮೋಟರ್ ಸಾಕಾಗುತ್ತದೆಯೇ, ಗೇರು ಎಷ್ಟು ಇಳಿಸಬೇಕು, ಮತ್ತು ಕೀಲುಗಳಿಗೆ 16 ಮಿ.ಮೀ. ಪಿನ್ನು ನಡೆಯುತ್ತದೆಯೇ?

ಉತ್ತರ 3: ಗನ್‌ಮೆಟಲ್ ಬುಷ್

ಮೋಟರಿಗೆ ಚಿಂತೆಯಿಲ್ಲ, ಪಿನ್ನಿಗೆ ಇದೆ.

ಕಾಲು ಬದಲಾಗುವ ಗಳಿಗೆಯಲ್ಲಿ ಯಂತ್ರದ ಮೈ ಸ್ವಲ್ಪ ಏರಿ ಇಳಿಯುತ್ತದೆ. ಅದು 3 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ಬದಿಯ ಪಾಲಿನ 150 ಕಿಲೋವನ್ನು ಅಷ್ಟು ಎತ್ತಲು ಬೇಕಾಗುವುದು 44 ಜೂಲ್. ಈ ಎತ್ತುವಿಕೆ ಕ್ರ್ಯಾಂಕಿನ ಎಂಟನೆಯ ಒಂದು ಸುತ್ತಿನಲ್ಲೇ ಮುಗಿಯುವುದಾದರೆ ಸರಾಸರಿ 56 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಆಗುತ್ತದೆ. ಗರಿಷ್ಠ ಇದರ ಇಮ್ಮಡಿ ಎಂದುಕೊಳ್ಳಿ. 1000 ವ್ಯಾಟಿನ ಮೋಟರ್ 30 ಆರ್‌ಪಿಎಂಗೆ ಇಳಿದಾಗ, ನಡುವೆ ನಾಲ್ಕು ಆಣೆ ಪೋಲಾದರೂ 230ಕ್ಕಿಂತ ಹೆಚ್ಚು ಕೊಡುತ್ತದೆ. ಮೋಟರ್ 3000 ಆರ್‌ಪಿಎಂನದಾದರೆ ನೂರಕ್ಕೊಂದು ಇಳಿಕೆ ಬೇಕು. ಐವತ್ತಕ್ಕೊಂದು ಇಳಿಸುವ ವರ್ಮ್ ಗೇರ್‌ಬಾಕ್ಸ್ (ಸ್ಕ್ರೂವಿನಂಥ ಗೇರಿನದು), ಅದರ ಮುಂದೆ ಒಂದಕ್ಕೆರಡರ ಚೈನ್ ಸ್ಪ್ರಾಕೆಟ್ ಹಾಕಿ. ವರ್ಮ್ ಗೇರಿನಲ್ಲಿ ನಷ್ಟ ಹೆಚ್ಚು, ಇನ್ನಷ್ಟು ಪೋಲಾದರೂ ಲೆಕ್ಕ ನಿಲ್ಲುತ್ತದೆ. ಪ್ರತಿಯಾಗಿ ಕರೆಂಟು ಹೋದಾಗ ಮೈಭಾರಕ್ಕೆ ಕಾಲು ಹಿಂದಕ್ಕೆ ತಿರುಗಿ ಯಂತ್ರ ಕುಸಿಯುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಬ್ಯಾಟರಿಗೆ ಇ-ರಿಕ್ಷಾದ್ದನ್ನೇ ಹಾಕಿದರೆ ನಾಲ್ಕು ಸೇರಿ ನೂರು ಕಿಲೋ ಮುಟ್ಟುತ್ತದೆ, ಆದ್ದರಿಂದ 26 ಆಂಪಿಯರ್-ಅವರ್‌ನ ಚಿಕ್ಕವನ್ನು ಹಾಕಿ. ಅರ್ಧ ತಾಸಿನ ಓಡಾಟಕ್ಕೆ ಅಷ್ಟು ಸಾಕು.

ಈಗ ಪಿನ್ನು. ನೆಲ ಸಮವಿಲ್ಲದಿದ್ದರೆ ಒಂದು ಬದಿಯ ಭಾರವೆಲ್ಲ ಒಂದೇ ಪಾದಕ್ಕೆ ಬೀಳಬಹುದು, ಅಂದರೆ 1500 ನ್ಯೂಟನ್. ಸನ್ನೆಗೋಲಿನ ತತ್ತ್ವದಿಂದ ಮೇಲಿನ ಕೀಲಿನಲ್ಲಿ ಅದು ಮೂರು ಪಟ್ಟಾಗಿ 4500 ನ್ಯೂಟನ್ ಆಯಿತೆನ್ನಿ. ಪಿನ್ನನ್ನು ಒಂದೇ ಪ್ಲೇಟಿಗೆ ಬೆಸೆದು, ಲಿಂಕನ್ನು (ಕಾಲಿನ ಪಟ್ಟಿಯನ್ನು) ಅದರಿಂದ 25 ಮಿ.ಮೀ. ಆಚೆ ತೂಗುಹಾಕಿದರೆ, 16 ಮಿ.ಮೀ. ಪಿನ್ನಿನ ಬುಡದಲ್ಲಿ ಬಾಗುವ ಒತ್ತಡ 280 ಮೆಗಾಪ್ಯಾಸ್ಕಲ್ ಆಗುತ್ತದೆ. ಸಾಧಾರಣ ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಅಲ್ಲೇ ಬಾಗಿ ಉಳಿಯುತ್ತದೆ. ಅದೇ ಪಿನ್ನನ್ನು ಎರಡು ಪ್ಲೇಟುಗಳ ನಡುವೆ ಒತ್ತಾಗಿ ಹಿಡಿದರೆ ಬಾಗುವಿಕೆ ಬಹುಪಾಲು ಮಾಯವಾಗಿ, ಉಳಿಯುವ ಕತ್ತರಿ ಒತ್ತಡ 11 ಮೆಗಾಪ್ಯಾಸ್ಕಲ್ ಮಾತ್ರ. ಆದ್ದರಿಂದ ವ್ಯಾಸ ಹೆಚ್ಚಿಸಬೇಡಿ, ಪ್ಲೇಟು ಹೆಚ್ಚಿಸಿ. ಇಎನ್8 ಉಕ್ಕಿನ ಪಿನ್ನು, ಗನ್‌ಮೆಟಲ್ ಬುಷ್ (ಪಿನ್ನು ತಿರುಗಲು ತೂತಿನಲ್ಲಿ ಕೂರಿಸುವ ಕೊಳವೆ), ಪ್ರತಿಯೊಂದಕ್ಕೂ ಗ್ರೀಸ್ ನಿಪ್ಪಲ್.

ಇಂಥ ಯಂತ್ರ ನೇರ ನಡೆಯುವಾಗ ಮುರಿಯುವುದು ಕಡಿಮೆ, ತಿರುಗುವಾಗ ಮುರಿಯುತ್ತದೆ. ಎರಡು ಬದಿಯ ವೇಗ ಬೇರೆಯಾದಾಗ ನೆಲದಲ್ಲಿರುವ ಪಾದಗಳು ಅಡ್ಡಡ್ಡವಾಗಿ ಉಜ್ಜುತ್ತವೆ, ಆ ಅಡ್ಡಬಲವೆಲ್ಲ ಉದ್ದನೆಯ ಕಾಲಿನ ಮೂಲಕ ಮೇಲೆ ಬಂದು ಬುಷ್ಷನ್ನು ತಿರುಚುತ್ತದೆ. ಅದಕ್ಕಾಗಿ ಬುಷ್ಷಿನ ಉದ್ದ ಪಿನ್ನಿನ ವ್ಯಾಸದ ಇಮ್ಮಡಿಗೆ ಕಡಿಮೆಯಾಗದಿರಲಿ, ಪಾದದ ಕೆಳಗಿನ ರಬ್ಬರು ಚಿಕ್ಕದಾಗಿಯೂ ಗುಂಡಾಗಿಯೂ ಇರಲಿ, ಮತ್ತು ನಿಂತಲ್ಲೇ ಗಿರಕಿ ಹೊಡೆಸುವ ಬದಲು ನಡೆಯುತ್ತಲೇ ದೊಡ್ಡ ಸುತ್ತಿನಲ್ಲಿ ತಿರುಗಿಸಿ.

ಉತ್ತರ 4: ಕೀಲುಕಾಲು

ಮೇಲಿನವರ ಲೆಕ್ಕದಲ್ಲಿನ 3 ಸೆಂ.ಮೀ. ಏರಿಳಿತ ನಿಮ್ಮ ಕಾಲಿನಲ್ಲಿ ನಿಜಕ್ಕೂ ಎಷ್ಟು ಎಂಬುದನ್ನು ಕಬ್ಬಿಣ ಕತ್ತರಿಸುವ ಮೊದಲೇ ತಿಳಿಯಬಹುದು. ಪ್ಲೈವುಡ್ಡಿನಲ್ಲಿ ನಿಜ ಅಳತೆಯ ನಾಲ್ಕನೆಯ ಒಂದರಷ್ಟು ದೊಡ್ಡ ಒಂದು ಕಾಲು ಮಾಡಿ ಹಲಗೆಗೆ ಜೋಡಿಸಿ, ಪಾದದ ತೂತಿಗೆ ಪೆನ್ಸಿಲ್ ಸಿಕ್ಕಿಸಿ, ಹಿಂದೆ ಬಿಳಿ ಹಾಳೆ ಹಚ್ಚಿ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ. ಹಾಳೆಯ ಮೇಲೆ ಮೂಡುವ ಗೆರೆಯ ಕೆಳಭಾಗ ಎಷ್ಟು ಚಪ್ಪಟೆಯಾಗಿದೆಯೋ ನಿಮ್ಮ ಸವಾರಿ ಅಷ್ಟು ಮೆತ್ತಗಿರುತ್ತದೆ. ಕ್ರ್ಯಾಂಕಿನ ಉದ್ದವನ್ನೋ ಮೈಗೆ ಜೋಡಿಸುವ ಕೀಲಿನ ಜಾಗವನ್ನೋ ಒಂದೆರಡು ಮಿಲಿಮೀಟರ್ ಸರಿಸಿದರೂ ಗೆರೆ ಬದಲಾಗುವುದನ್ನು ಮಗನಿಗೆ ತೋರಿಸಿ.

ಲೇಸರ್ ಕಟಿಂಗಿನವರಿಗೆ ಪಿನ್ನಿನ ತೂತುಗಳನ್ನು ಒಂದೆರಡು ಮಿ.ಮೀ. ಚಿಕ್ಕದಾಗಿಯೇ ಬಿಡಲು ಹೇಳಿ, ಎಂಟೂ ಕಾಲಿನ ಒಂದೇ ಬಗೆಯ ಪ್ಲೇಟುಗಳನ್ನು ಒಟ್ಟಿಗೆ ಕ್ಲ್ಯಾಂಪ್ ಮಾಡಿ ಡ್ರಿಲ್ ಹೊಡೆದು, ಕೊನೆಗೆ ತೂತನ್ನು ಸರಿಯಳತೆಗೆ ತರುವ ರೀಮರ್ ಹಾಕಿ. ಆಗ ಒಂದು ಕಾಲು ಉದ್ದ, ಒಂದು ಗಿಡ್ಡ ಎಂದಾಗುವುದಿಲ್ಲ. ಲಿಂಕುಗಳು ಸವಾರನ ಮೊಣಕಾಲಿನ ಪಕ್ಕದಲ್ಲೇ ಕತ್ತರಿಯಾಡುವುದರಿಂದ ಎರಡೂ ಬದಿಗೆ ಜಾಲರಿ ಕಟ್ಟಬೇಕು. ಕೈ ಬಿಟ್ಟ ಕೂಡಲೇ ಎರಡೂ ಮೋಟರುಗಳ ಕರೆಂಟನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು ಹಿಡಿಕೆಯಲ್ಲೇ ಇರಲಿ. ಮೊದಲ ಓಡಾಟವನ್ನು ಸೀಟಿನಲ್ಲಿ ಮರಳು ಚೀಲ ಇಟ್ಟು, ಉದ್ದ ವೈರಿನ ರಿಮೋಟಿನಿಂದ, ಸಮನಾದ ಮೈದಾನದಲ್ಲಿ ಮಾಡಿ.