ಪದಚರ್ಚೆ: ಲಿನ್-28 ‘ನಿರೋಧಕ’ವೋ, ‘ಪ್ರತಿಬಂಧಕ’ವೋ?

ಪ್ರಶ್ನೆ, ಹಾಸನದಿಂದ:
ಪದವಿ ತರಗತಿಗೆ ಲಿನ್-28 ಪ್ರೋಟೀನ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಅದರ ಕೆಲಸ ತಡೆಯುವ ಔಷಧಕ್ಕೆ, ಅಂದರೆ ‘ಇನ್‌ಹಿಬಿಟರ್’ಗೆ, ನಿರೋಧಕ ಎನ್ನಬಹುದೆ? ಮೈಕ್ರೋ ಆರ್‌ಎನ್‌ಎಯನ್ನು ಕಿರು ಆರ್‌ಎನ್‌ಎ ಎಂದಿದ್ದೇನೆ. ‘ಸ್ಮಾಲ್ ಮಾಲಿಕ್ಯೂಲ್’ ಕೂಡ ಕಿರು ಅಣು ಆದರೆ ಎರಡೂ ಕಲಸಿಹೋಗುತ್ತವೆ. ತಿಳಿದವರು ಹೇಳಬೇಕು.

ಉತ್ತರ, ಚಿಕ್ಕಮಗಳೂರಿನಿಂದ:
ಮೇಷ್ಟ್ರೇ, ನಿರೋಧಕ ಖಂಡಿತ ಬೇಡ. ಇಲ್ಲಿ ಕಾಫಿ ಬೆಳೆಗಾರರು ಚಂದ್ರಗಿರಿಯಂಥ ಗಿಡಕ್ಕೆ ‘ತುಕ್ಕುರೋಗ ನಿರೋಧಕ ತಳಿ’ ಎನ್ನುತ್ತಾರೆ. ರೋಗಕ್ಕೆ ಜಗ್ಗದೆ ನಿಲ್ಲುವುದು ಎಂಬ ಅರ್ಥ. ‘ಲಿನ್-28 ನಿರೋಧಕ’ ಎಂದರೆ ಲಿನ್-28ಕ್ಕೆ ಜಗ್ಗದ್ದು ಎಂದೇ ಓದಿಕೊಳ್ಳುತ್ತಾರೆ. ಕ್ಯಾನ್ಸರ್ ಬರಹಗಳಲ್ಲಿ ‘ಔಷಧ ನಿರೋಧಕತೆ’ಯೂ ಪಕ್ಕದಲ್ಲೇ ಬರುತ್ತದೆ. ಪ್ರತಿಬಂಧಕ ಸರಿ. ‘ಕಿರು’ವನ್ನು ಆರ್‌ಎನ್‌ಎಗೆ ಬಿಟ್ಟು, ಔಷಧಕ್ಕೆ ‘ಸಣ್ಣ ಅಣು’ ಎನ್ನಿ.

ಮಕ್ಕಳು ಎಡವುವುದು ‘ಯಾವುದರ’ ಪ್ರತಿಬಂಧಕ ಎಂಬಲ್ಲಿ. ಲಿನ್-28 ತಾನೇ ಒಂದು ತಡೆ. ಲೆಟ್-7 ಎಂಬುದು ಒಂದು ಕಿರು ಆರ್‌ಎನ್‌ಎ; ಅದರ ಉದ್ದನೆಯ ಪೂರ್ವರೂಪವನ್ನು ಡೈಸರ್ ಕಿಣ್ವ ಕತ್ತರಿಸಿದರೆ ಸುಮಾರು 22 ನ್ಯೂಕ್ಲಿಯೋಟೈಡ್‌ಗಳ ಕಿರು ಆರ್‌ಎನ್‌ಎ ಸಿಗುತ್ತದೆ. ಲಿನ್-28ರ ಒಂದು ರೂಪವಾದ ಲಿನ್-28ಎ ತನ್ನ ಎರಡು ಭಾಗಗಳಿಂದ ಆ ಪೂರ್ವರೂಪದ ಕುಣಿಕೆಯನ್ನು ಎರಡು ಕಡೆ ಹಿಡಿಯುತ್ತದೆ: ಒಂದು ಶೀತಾಘಾತ ವಲಯದಿಂದ (ಕೋಲ್ಡ್ ಶಾಕ್ ಡೊಮೇನ್), ಇನ್ನೊಂದು ಜಿಜಿಎಜಿ ಸರಣಿಗೆ ಅಂಟುವ ಸತು-ಗೆಣ್ಣಿನಿಂದ (ಜಿಂಕ್ ನಕಲ್). ಆಮೇಲೆ ಟಟ್-4 ಕಿಣ್ವ ಬಂದು ಯುರಿಡಿನ್ ಬಾಲ ಪೋಣಿಸುತ್ತದೆ. ಬಾಲ ಬೆಳೆದದ್ದನ್ನು ಡೈಸರ್ ಕತ್ತರಿಸದು. ಡಿಸ್3ಎಲ್2 ಎಂಬ ಇನ್ನೊಂದು ಕಿಣ್ವ ಅದನ್ನು ಅರೆದುಹಾಕುತ್ತದೆ. ಈ ಹಿಡಿತ ಬಿಡಿಸಿದರೆ ಲೆಟ್-7 ಏರುತ್ತದೆ, ಇಳಿಯುವುದಿಲ್ಲ. ಹಾಗಾಗಿ ಹಿಡಿತ ಬಿಡಿಸುವ ಔಷಧವನ್ನು ‘ಲೆಟ್-7 ಪ್ರತಿಬಂಧಕ’ ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗು. ಅಂದಹಾಗೆ, ಸಿ. ಎಲಿಗನ್ಸ್ ಎಂಬ ಪುಟ್ಟ ಹುಳುವಿನ ಜೀನ್ ಹೆಸರಿನ ಈ ‘ಲೆಟ್’ ಬಂದದ್ದು ‘ಲೀಥಲ್’, ಅಂದರೆ ಮಾರಕ ಎಂಬುದರಿಂದ. ‘ಬಿಡು’ ಎಂದು ಅನುವಾದಿಸಬೇಡಿ.

ಲಿನ್-28 ಲೆಟ್-7ನ್ನು ‘ನಿಯಂತ್ರಿಸುತ್ತದೆ’ ಎಂಬುದೂ ಸಾಲದು. ಕಾಫಿ ಗಿಡದ ಕಾಂಡಕೊರಕ ಹುಳುವಿನ ನಿಯಂತ್ರಣವೆಂದರೆ ತಗ್ಗಿಸುವುದು. ಜೀವಶಾಸ್ತ್ರದಲ್ಲಿ ಏರಿಸುವುದೂ ನಿಯಂತ್ರಣವೇ. ‘ಲೆಟ್-7 ಪಕ್ವವಾಗದಂತೆ ತಡೆಯುತ್ತದೆ’ ಎಂದು ಬಿಡಿಸಿಯೇ ಬರೆಯಿರಿ.

ಹಿಡಿತ ಬಿಡಿಸುವುದೆಲ್ಲ ಒಂದೇ ಬಗೆಯ ಪ್ರತಿಬಂಧಕವೂ ಅಲ್ಲ. ಎಲ್‌ಐ-71 ಎಂಬ ಸಣ್ಣ ಅಣು ಶೀತಾಘಾತ ವಲಯಕ್ಕೆ ಅಂಟುತ್ತದೆ. ಟಿಪೆನ್ ಎಂಬ ಇನ್ನೊಂದು ಸಣ್ಣ ಅಣು ಸತುವನ್ನೇ ಕಿತ್ತುಕೊಂಡು ಗೆಣ್ಣನ್ನು ಸಡಿಲಿಸುತ್ತದೆ. ಬೇರೆ ಸತು-ಪ್ರೋಟೀನುಗಳನ್ನೂ ಬಿಡದು. ಅದಕ್ಕೆ ‘ಲೋಹಗ್ರಾಹಿ’ ಎಂಬ ವಿಶೇಷಣ ಸೇರಿಸಿ. ಇನ್ನು ಕೆಲವು ಅಣುಗಳು ಗುಂಪುಗಟ್ಟಿ ಪ್ರೋಟೀನನ್ನು ಸುತ್ತಿಕೊಳ್ಳುತ್ತವೆ, ಶೇ. 0.01 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಬೆರೆಸಿದ ಕೂಡಲೇ ಪರಿಣಾಮ ಮಾಯವಾದರೆ ಬಹುಮಟ್ಟಿಗೆ ಇದೇ ಕಾರಣ. ಅಂಥವಕ್ಕೆ ‘ಹುಸಿ ಪ್ರತಿಬಂಧಕ’ ಎನ್ನಿ.