ಸಹಾಯ ಬೇಕು: ಮುಟ್ಟಿನ ಕಪ್ ಕುರಿತು ಅತ್ತೆಯವರ ಕೊನೆಯ ಪ್ರಶ್ನೆಗೆ ಏನು ಹೇಳಲಿ?

ನಮಸ್ಕಾರ. 17 ವರ್ಷದ ನನ್ನ ಮಗಳು ಕಬಡ್ಡಿ ಅಭ್ಯಾಸಕ್ಕೆ ಅನುಕೂಲವೆಂದು ಮುಟ್ಟಿನ ಕಪ್ (ಯೋನಿಯೊಳಗಿಟ್ಟು ಮುಟ್ಟಿನ ರಕ್ತ ಸಂಗ್ರಹಿಸುವ ಮೃದುವಾದ ಬಟ್ಟಲು) ಬಳಸಲು ಬಯಸುತ್ತಿದ್ದಾಳೆ. ಆದರೆ ಅದು ಹೊಟ್ಟೆಯೊಳಗೆ ಸೇರಿಬಿಡುತ್ತದೆ, ಮೂತ್ರ ಕಟ್ಟುತ್ತದೆ ಎಂದು ನಮ್ಮ ಅತ್ತೆಯವರು ಹೆದರಿದ್ದಾರೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಚಿತ್ರ ಬರೆದು, ಮೂತ್ರದ್ವಾರ, ಯೋನಿದ್ವಾರ, ಗುದದ್ವಾರ ಮೂರೂ ಬೇರೆ ಬೇರೆ ಎಂದೂ, ಯೋನಿಯ ತುದಿಯಲ್ಲಿರುವ ಗರ್ಭಕಂಠದ ಕಿಂಡಿಯೊಳಗೆ ಕಪ್ ನುಗ್ಗಲಾರದೆಂದೂ ತೋರಿಸಿದೆ. ಅಷ್ಟನ್ನು ಒಪ್ಪಿದರು. ನಾಲ್ಕು ಹೆರಿಗೆಯಾದ ಅವರಿಗೆ 68ನೆಯ ವಯಸ್ಸಿನಲ್ಲಿ ಇದು ಮೊದಲ ಬಾರಿ ತಿಳಿಯಿತೆಂಬುದು ನನ್ನ ಮನಸ್ಸನ್ನು ಬಹಳ ಕಲಕಿತು.

ತೊಡಕಿರುವುದು ಯೋನಿದ್ವಾರದ ಅಂಚಿನಲ್ಲಿರುವ ತೆಳು ಪೊರೆಯಾದ ಕನ್ಯಾಪೊರೆಯ ವಿಷಯದಲ್ಲಿ. ಅದು ಮುಚ್ಚಳವಲ್ಲ, ಪೂರ್ತಿ ಮುಚ್ಚಿದ್ದರೆ ಮುಟ್ಟಿನ ರಕ್ತವೇ ಹೊರಬರುತ್ತಿರಲಿಲ್ಲ, ಅದನ್ನು ನೋಡಿ ಕನ್ಯತ್ವ ನಿರ್ಧರಿಸಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿದೆ ಎಂದು ವಿವರಿಸಿದೆ. ಆದರೆ ಅವರು ಚಿತ್ರದ ಮೇಲೆ ಬೆರಳಿಟ್ಟು, “ಹಾಗಾದರೆ ಕಪ್ ಹಾಕಿದರೆ ಇದು ಹರಿಯುವುದಿಲ್ಲವೇನಮ್ಮಾ?” ಎಂದಾಗ ಉತ್ತರ ತೋಚಲಿಲ್ಲ. ಸಮಾಧಾನಕ್ಕೆಂದು ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

ಹದಿಹರೆಯದ ಮಗಳಿಗೆ ಕಪ್ ಕೊಡಿಸಿರುವ ತಾಯಂದಿರು ಅಥವಾ ಸ್ತ್ರೀರೋಗ ತಜ್ಞರು ದಯವಿಟ್ಟು ತಿಳಿಸಿ: ಸಣ್ಣ ಅಳತೆಯ ಮೃದುವಾದ ಕಪ್‌ನಿಂದ ಆ ಪೊರೆ ಹಿಗ್ಗುತ್ತದೆಯೇ, ಹರಿಯುತ್ತದೆಯೇ, ಹರಿದರೂ ಆರೋಗ್ಯಕ್ಕೆ ಕೇಡಿಲ್ಲವೆಂಬುದನ್ನು ಹಿರಿಯರಿಗೆ ಯಾವ ಮಾತಿನಲ್ಲಿ ಹೇಳಬೇಕು?