ಪದಚರ್ಚೆ: ‘ಟಂಗ್ ವೇಟ್’ಗೆ ಏನನ್ನೋಣ? ಸಂಜೆಯೊಳಗೆ ಬೇಕು

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಲಾರಿ ಬಾಡಿ ಕಟ್ಟೋರೊಬ್ಬರು ಒಂದು ಮೋಟರ್ ಹೋಮ್ ತಯಾರು ಮಾಡಿದ್ದಾರೆ. ಹಿಂದೆ ಸಾಮಾನಿನ ಟ್ರೇಲರ್ ಬರುತ್ತೆ. ಕೊಂಡಿ ಪಕ್ಕ ಅಂಟಿಸೋ ಎಚ್ಚರಿಕೆ ಫಲಕ ಇವತ್ತೇ ಪ್ರಿಂಟಿಗೆ ಹೋಗಬೇಕು. ಮೂಲ ಅಮೆರಿಕದ ಕೈಪಿಡಿ. ‘ಟಂಗ್ ವೇಟ್’ ಅಂದರೆ ಟ್ರೇಲರಿನ ಮುಂತುದಿ ಕೊಂಡಿಯ ಗುಂಡಿನ ಮೇಲೆ ಊರುವ ಭಾರ. ಹೇರು ಸಮೇತ ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟಿರಬೇಕು ಅನ್ನೋದು ಅಲ್ಲಿಯ ಲೆಕ್ಕ. ‘ನಾಲಿಗೆ ತೂಕ’ ಅಂದರೆ ಯಾರಿಗೂ ತಲೆಬುಡ ತಿಳಿಯಲ್ಲ. ಇನ್ನೊಂದು ‘ಬ್ರೇಕ್‌ಅವೇ ಸ್ವಿಚ್’: ಟ್ರೇಲರ್ ಕಳಚಿಕೊಂಡರೆ ತಂತಿ ಬಿಗಿದು ಪಿನ್ನು ಕಿತ್ತುಬರುತ್ತೆ, ಟ್ರೇಲರಿನ ಬ್ರೇಕು ತಾನಾಗೇ ಹಿಡಿಯುತ್ತೆ. ‘ಟೋಯಿಂಗ್’ಗೂ ಪದವಿದ್ದರೆ ತಿಳಿಸಿ.

ಮೈಸೂರಿನಿಂದ:
ಟೋಯಿಂಗ್ = ತುಯ್ತ. ತುಯ್ ಎಂದರೆ ಎಳೆ. ‘ತುಯ್ದಾಟ’ದಲ್ಲಿ ಇನ್ನೂ ಉಸಿರಾಡುತ್ತಿದೆ. ಇಂಗ್ಲಿಷಿನ ‘ಟೋ’ ಕೂಡ ಇದೇ ಬೇರಿನದೆಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಟ್ರೇಲರ್ = ಹಿಂಬಂಡಿ. ಮೋಟರ್ ಹೋಮ್ = ಮನೆಬಂಡಿ. ಫಲಕದಲ್ಲಿ ಎರವಲು ಪದ ಒಂದೂ ಇರಕೂಡದು.

ಬೆಂಗಳೂರಿನಿಂದ:
ಅಲ್ಲ. ‘ಟೋ’ ಹಳೆ ಇಂಗ್ಲಿಷಿನ ‘ಟೋಗಿಯನ್’ನಿಂದ ಬಂದದ್ದು. ‘ಟಗ್’ ಅದರ ಹತ್ತಿರದ ನೆಂಟ, ಲ್ಯಾಟಿನ್ನಿನ ‘ಡೂಕೆರೆ’ ದೂರದ್ದು. ಸದ್ದು ಹೋಲಿದ ಮಾತ್ರಕ್ಕೆ ಬೇರು ಒಂದಾಗಲ್ಲ. ಇದನ್ನು ಮತ್ತೆ ಎತ್ತಬೇಡಿ.

ಚಿತ್ರದುರ್ಗದಿಂದ:
ಪದ ಕಣ್ಮುಂದೆಯೇ ಇದೆಯಲ್ರೀ. ‘ಮೂಕಿ ಭಾರ’ ಅನ್ನಿ. ಮೂಕಿ ಅಂದರೆ ಗಾಡಿಯಿಂದ ನೊಗದವರೆಗೆ ಮುಂದಕ್ಕೆ ಚಾಚಿರೋ ಉದ್ದನೆ ಮರ. ಎತ್ತಿನ ಗಾಡೀಲಿ ಅಚ್ಚಿನ ಹಿಂದೆ ಹೇರು ಜಾಸ್ತಿಯಾದರೆ ಮೂಕಿ ಮೇಲಕ್ಕೇಳುತ್ತೆ, ಜತ್ತಿಗೆ, ಅಂದರೆ ನೊಗಕ್ಕೆ ಕಟ್ಟೋ ಕೊರಳಪಟ್ಟಿ, ಎತ್ತಿನ ಕೊರಳು ಹಿಡಿಯುತ್ತೆ. ಅದು ಹಿಂಭಾರ. ಮುಂದೆ ಜಾಸ್ತಿಯಾದರೆ ನೊಗ ಒತ್ತಿ ಹೆಗಲು ಹುಣ್ಣಾಗುತ್ತೆ. ಅದು ಮುಂಭಾರ. ಗಾಡಿ ಹೊಡೆದೋರು ಇಳಿದು ಒಂದೆರಡು ಚೀಲ ಮುಂದಕ್ಕೋ ಹಿಂದಕ್ಕೋ ಸರಿಸಿಯೇ ಹೊರಡೋರು. ಟ್ರೇಲರಿಗೂ ಇದೇ ನ್ಯಾಯ: ಹಿಂಭಾರವಾದರೆ ವೇಗದಲ್ಲಿ ಅತ್ತಿತ್ತ ಬೀಸೋಕೆ ಶುರು. ಆಗ ಮುಂದಿನ ಗಾಡಿಯ ಬ್ರೇಕು ಜೋರಾಗಿ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಹಾಕಬೇಕು. ಇದನ್ನೂ ಫಲಕದಲ್ಲಿ ಹಾಕಿಸಿ, ಪದಕ್ಕಿಂತ ಮುಖ್ಯ.

ಟೋಯಿಂಗ್‌ಗೆ ಹೆದ್ದಾರಿ ಮೆಕ್ಯಾನಿಕ್‌ಗಳು ‘ಟೋಚನ್’ ಅಂತಾರೆ, ಆದರೆ ಅದು ಕೆಟ್ಟು ನಿಂತ ಗಾಡಿಗೆ. ಇಲ್ಲಿ ‘ಕಟ್ಟಿಕೊಂಡು ಹೋಗು’ ಸಾಕು. ಟ್ರೇಲರ್ ಟ್ರೇಲರೇ. ಚಳ್ಳಕೆರೇಲಿ ಶೇಂಗಾ ಹೇರೋ ಹಮಾಲರಿಗೂ ಆ ಪದ ಗೊತ್ತು.

ಮೈಸೂರಿನಿಂದ:
ಮೂಕಿ ಭಾರ ಒಪ್ಪಿದೆ. ಟ್ರೇಲರ್ ಒಪ್ಪಲಾರೆ. ಹೀಗೆ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ಕ್ರಿಯಾಪದವಷ್ಟೇ ಕನ್ನಡದ್ದು ಉಳಿಯುತ್ತದೆ.

ಚಿತ್ರದುರ್ಗದಿಂದ:
‘ಗಾಡಿ’ಯೂ ಹಿಂದಿ, ಮರಾಠಿಯಲ್ಲಿರೋ ಪದವೇ. ಅದನ್ನೂ ಬಿಡ್ತೀರಾ? ‘ಉಗಿಬಂಡಿ’ ಅಂತ ಅಷ್ಟು ವರ್ಷ ಬರೆದರು, ಜನ ಹತ್ತಿದ್ದು ರೈಲು. ಕತ್ತಲಲ್ಲಿ ಟಾರ್ಚ್ ಹಿಡಿದು ಓದೋ ಡ್ರೈವರಿಗೆ ಅರ್ಥ ಆಗೋದೇ ಪದ.

ಬೆಂಗಳೂರಿನಿಂದ:
ಎರವಲಿನ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. ಕೇಳಿದವರಿಗೆ ಸಂಜೆಗೆ ಬೇಕು.

ದಾವಣಗೆರೆಯಿಂದ:
ಚಿತ್ರದುರ್ಗದ ಸರ್‌ಗೆ ತುಂಬ ಥ್ಯಾಂಕ್ಸ್. ‘ಮೂಕಿ ಭಾರ’ ಓದಿ ಹೇಳಿದ ತಕ್ಷಣ ವೆಲ್ಡರ್ ಕೈ ಸೀದಾ ಕೊಂಡಿಯ ಗುಂಡಿನ ಮೇಲೆ ಹೋಯ್ತು. ಫಲಕ ಹೀಗಿದೆ:

ಮೂಕಿ ಭಾರ ನೋಡಿ ಹೇರಿ. ಹಿಂಭಾರ ಅಪಾಯ.
ಎರಡೂ ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಒಂದಕ್ಕೊಂದು ಅಡ್ಡ ಹಾಯಿಸಿ ಸಿಕ್ಕಿಸಿ.
ಟ್ರೇಲರ್ ಬೀಸಿದರೆ ಆಕ್ಸಿಲರೇಟರ್ ಬಿಡಿ, ಟ್ರೇಲರ್ ಬ್ರೇಕ್ ಮಾತ್ರ ಹಾಕಿ.

ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಕುಕ್ಕದೆ ಸರಪಳಿ ಮೇಲೆ ಕೂರಲಿ ಅಂತ ‘ಅಡ್ಡ ಹಾಯಿಸಿ’ ಸೇರಿಸಿದ್ದು. ಬ್ರೇಕ್‌ಅವೇ ಸ್ವಿಚ್ಚಿಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ‘ಕಳಚಿದರೆ ಹಿಡಿಯುವ ಬ್ರೇಕ್’ ಅಂತ ಹಾಕಿಸ್ತಿದ್ದೀನಿ. ಇದಕ್ಕಿಂತ ಚಿಕ್ಕದು ಹೊಳೆದರೆ ಬೇಗ ಬರೀರಿ, ಪ್ರೆಸ್ಸಿನವರು ಆರು ಗಂಟೆವರೆಗೆ ಕಾಯ್ತಾರೆ.